ಕ್ಲೈಂಬಿಂಗ್ ಕ್ಲಬ್ ಸೇರಬೇಕು, ಅಮ್ಮ ಬೇಡ ಅಂತಾರೆ

ಪ್ರಶ್ನೆ: ನಮಸ್ಕಾರ ಸರ್. ಊರು ಸಾಗರದ ಹತ್ತಿರ, ಈಗ ಶಿವಮೊಗ್ಗದಲ್ಲಿ ಎಂಎಸ್ಸಿ ಮೊದಲ ವರ್ಷ. ನಮ್ಮ ವಿಶ್ವವಿದ್ಯಾಲಯದ ಪರ್ವತಾರೋಹಣ ಕ್ಲಬ್‌ಗೆ ಹೆಸರು ಕೊಡೋಣ ಅಂತಿದ್ದೇನೆ. ಕೊಡಚಾದ್ರಿ ಎರಡು ಸಲ ಹತ್ತಿದ್ದು ಬಿಟ್ಟರೆ ಅನುಭವ ಇಲ್ಲ. ಒಂದು ಪುಲ್‌ಅಪ್ ಕೂಡ ಬರಲ್ಲ. ಸಾಮಾನು ನಾನೇ ಕೊಳ್ಳಬೇಕಾ? ಅಮ್ಮನದು ಒಂದೇ ಮಾತು, ಕೈಕಾಲು ಮುರ್ಕೊಂಡು ಬರ್ತೀಯ ಅಂತ.

ಉತ್ತರ (ತರಬೇತುದಾರ): ಧಾರಾಳವಾಗಿ ಸೇರಿಮ್ಮ. ನಿಮ್ಮ ಕಡೆ ಅಡಿಕೆ ಕೊನೆ ತೆಗೆಯುವವರನ್ನು ನೋಡಿದ್ದೀರಲ್ಲ? ಪಾದಕ್ಕೆ ತಳೆ ಹಾಕಿಕೊಂಡು ಕಾಲಲ್ಲೇ ಮೈ ಎತ್ತುತ್ತಾರೆ. ಬಂಡೆಯಲ್ಲೂ ಹಾಗೆಯೇ. ಹೊಸಬರು, ಅದರಲ್ಲೂ ಜಿಮ್ಮಿಗೆ ಹೋಗುವ ಹುಡುಗರು, ಕೈಯಲ್ಲಿ ಜಗ್ಗಿ ಜಗ್ಗಿ ಬೇಗ ಸುಸ್ತಾಗುತ್ತಾರೆ.

ಕೊಡಚಾದ್ರಿ 1,343 ಮೀಟರ್ ಇದ್ದರೂ ನಡೆದು ಹತ್ತುವ ಗುಡ್ಡ. ಹಗ್ಗದ ಕೆಲಸ ಬೇರೆ. ಮೊದಲು ಕಲಿಯಬೇಕಾದ್ದು ಇನ್ನೊಬ್ಬರ ಹಗ್ಗ ಹಿಡಿಯುವುದನ್ನು. ಇದಕ್ಕೆ ಬಿಲೇ ಅಂತೀವಿ. ಕೆಳಗೆ ನಿಂತವರ ಬ್ರೇಕ್ ಕೈ, ಅಂದರೆ ಹಗ್ಗವನ್ನು ತಡೆದು ಹಿಡಿಯುವ ಕೈ, ಹಗ್ಗ ಬಿಡುವ ಹಾಗೇ ಇಲ್ಲ, ಕಾಲಿಗೆ ಉಂಬಳ (ಜಿಗಣೆ) ಹತ್ತಿದ್ದರೂ! ಹತ್ತುವವರು ಹಗ್ಗದಲ್ಲಿ 8ರ ಆಕಾರದ ಎಂಟರ ಗಂಟು ಹಾಕಿ, ತುದಿಯನ್ನು ಹಾರ್ನೆಸ್‌ನಲ್ಲಿ (ಸೊಂಟಕ್ಕೂ ತೊಡೆಗೂ ಕಟ್ಟುವ ಪಟ್ಟಿ) ತೂರಿಸಿ, ಗಂಟಿನ ಅದೇ ದಾರಿಯಲ್ಲಿ ವಾಪಸ್ ತರುತ್ತಾರೆ. ಆಮೇಲೆ ಇಬ್ಬರೂ ಒಬ್ಬರದನ್ನೊಬ್ಬರು ಮುಟ್ಟಿ ನೋಡಬೇಕು: ಗಂಟು, ಹಾರ್ನೆಸ್‌ನ ಬಕಲ್, ಬಿಲೇ ಕೊಂಡಿಯ ಲಾಕ್. ಹತ್ತು ವರ್ಷ ಹತ್ತಿದವರೂ ಹೀಗೆ ನೋಡುತ್ತಾರಾ ಅಂತ ಮೊದಲ ದಿನವೇ ಗಮನಿಸಿ. 'ಏ, ನಂಗೊತ್ತು ಬಿಡು' ಅನ್ನುವ ಸೀನಿಯರ್‌ಗಳ ಕ್ಲಬ್ ಆದರೆ ಬೇಡ.

ಸಾಮಾನು ಸದ್ಯಕ್ಕೆ ಕೊಳ್ಳಬೇಡಿ. ಹಗ್ಗ, ಹಾರ್ನೆಸ್, ಹೆಲ್ಮೆಟ್ ಸಾಮಾನ್ಯವಾಗಿ ಕ್ಲಬ್ಬಿನದೇ ಇರುತ್ತದೆ. ಬೈಕ್ ಹೆಲ್ಮೆಟ್ ನಡೆಯಲ್ಲ.

ಪ್ರಶ್ನೆ: ತೋಟದ ಹಿಂದೆ ದೊಡ್ಡ ಬಂಡೆ ಇದೆ, ಮನೆಯಲ್ಲಿ ನೈಲಾನ್ ಹಗ್ಗವೂ ಇದೆ. ರಜೆಯಲ್ಲಿ ಪ್ರಾಕ್ಟೀಸ್ ಮಾಡಲಾ?

ಉತ್ತರ: ಬೇಡವೇ ಬೇಡ. ಕ್ಲೈಂಬಿಂಗಿನ ಡೈನಮಿಕ್ ಹಗ್ಗ ನಾವು ಬಿದ್ದಾಗ ಸ್ವಲ್ಪ ಹಿಗ್ಗಿ ಏಟು ತಗ್ಗಿಸುತ್ತದೆ. ದನ ಕಟ್ಟುವ ಹಗ್ಗವನ್ನು ಅದಕ್ಕೆಂದು ಮಾಡಿಲ್ಲ. ಮಳೆಗಾಲದಲ್ಲಿ ನಮ್ಮ ಬಂಡೆಗಳ ಮೇಲೆ ಹಾವಸೆ ಬೇರೆ. ಮಳೆ ನಿಂತ ಮೇಲೆ ಕ್ಲಬ್ಬಿನವರು ರಾಮನಗರಕ್ಕೋ ಬಾದಾಮಿಗೋ ಕರೆದುಕೊಂಡು ಹೋದರೆ ತಪ್ಪಿಸಬೇಡಿ. ಬಾದಾಮಿಯದು ಮರಳುಗಲ್ಲು. ಒದ್ದೆಯಾದರೆ ಹಿಡಿದ ಅಂಚೇ ಕಿತ್ತು ಬರಬಹುದು, ಒಣಗುವ ತನಕ ಕಾಯಬೇಕು.

ಇನ್ನೊಬ್ಬ ಸದಸ್ಯ: ಹಿಮಾಲಯಕ್ಕೆ ಹೋಗೋ ಆಸೆ ಇದ್ರೆ?

ಉತ್ತರ: ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆ 1965ರಿಂದ ಇದೆ. ಅಲ್ಲಿನ ಬೇಸಿಕ್ ಕೋರ್ಸ್ ಸುಮಾರು ನಾಲ್ಕು ವಾರ. ಭಾರ ಹೊತ್ತು ನಡೆಯುವ ಅಭ್ಯಾಸ ಈಗಲೇ ಶುರು ಮಾಡಿ.

ಪ್ರಶ್ನೆ: ಅಮ್ಮನಿಗೆ ಏನು ಹೇಳಲಿ ಸರ್?

ಉತ್ತರ: ಹೇಳುವುದು ಬೇಡ, ಒಂದು ಭಾನುವಾರ ಅಭ್ಯಾಸ ನೋಡೋಕೆ ಕರ್ಕೊಂಡು ಬನ್ನಿ. ಗಂಟು ನೋಡುವುದನ್ನು ಅವರಿಗೂ ಕಲಿಸಿ, ನಿಮ್ಮ ಗಂಟನ್ನು ಅವರೇ ನೋಡಲಿ. ನೀವು ಉಗುರು ಕತ್ತರಿಸಿ, ಉಂಗುರ ತೆಗೆದಿಟ್ಟು ಬನ್ನಿ.