ಟೀನ್ ಸೆಕ್ಷನ್ನಿನ ಪುಸ್ತಕ ದೊಡ್ಡವರು ತಂದು ಓದಿದರೆ ತಪ್ಪಾ?

ಕರಾವಳಿಯವಳು:
ನಾನಿರುವುದು ನ್ಯೂಜೆರ್ಸಿಯಲ್ಲಿ, ವಯಸ್ಸು ನಲವತ್ತು ದಾಟಿದೆ. ಇಲ್ಲಿನ ಲೈಬ್ರರಿಯಲ್ಲಿ ಹದಿಹರೆಯದವರಿಗೆ ಅಂತಲೇ ಒಂದು ಮೂಲೆ ಇದೆ, ಈಚೆಗೆ ನನ್ನ ಓದೆಲ್ಲ ಅಲ್ಲಿಂದಲೇ. ಅದರಲ್ಲೂ ಗ್ರಾಫಿಕ್ ಕಾದಂಬರಿಗಳು, ಅಂದರೆ ಚಿತ್ರಗಳಲ್ಲೇ ಕಥೆ ಹೇಳುವ ಪುಸ್ತಕಗಳು ಜಾಸ್ತಿ. ಆಫೀಸು, ಅಡುಗೆ, ಮಗಳ ಹೋಮ್‌ವರ್ಕು ಎಲ್ಲ ಮುಗಿಸಿ ದಪ್ಪ ಕಾದಂಬರಿ ಹಿಡಿದರೆ ಎರಡನೇ ಪುಟಕ್ಕೇ ನಿದ್ದೆ ಬರುತ್ತದೆ, ಇವು ಹಾಗಲ್ಲ. ಕನ್ನಡ ಕೂಟದಲ್ಲಿ ಒಬ್ಬರು "ಇನ್ನೂ ಕಾಮಿಕ್ಸಾ?" ಅಂತ ನಕ್ಕರು. ಅದು ಹೋಗಲಿ ಬಿಡಿ. ನನ್ನನ್ನು ಕಾಡುವುದು ಬೇರೆ. ಮಕ್ಕಳಿಗೆ ಅಂತ ಇಟ್ಟಿದ್ದನ್ನು ನಾನು ಎತ್ತಿಕೊಂಡು ಬಂದರೆ ಯಾವುದೋ ಹುಡುಗನ ಕೈ ತಪ್ಪಿಸಿದ ಹಾಗಾಗುತ್ತಾ?

ಪುಸ್ತಕದ ಹುಳ:
ನಾನು ಇಲ್ಲೇ ಒಂದು ಲೈಬ್ರರಿಯಲ್ಲಿ ಪಾರ್ಟ್ ಟೈಮ್ ಕೆಲಸ ಮಾಡುತ್ತೇನೆ. ಧಾರಾಳವಾಗಿ ತಗೊಳ್ಳಿ. ನೀವು ತಗೊಂಡಷ್ಟೂ ಆ ಸೆಕ್ಷನ್ನಿಗೇ ಒಳ್ಳೆಯದು, ಯಾಕೆಂದರೆ ವರ್ಷಗಟ್ಟಲೆ ಯಾರೂ ಮುಟ್ಟದ ಪುಸ್ತಕವನ್ನು ಶೆಲ್ಫಿನಿಂದ ತೆಗೆದು ಹಾಕುತ್ತಾರೆ, ಓಡುವ ಸರಣಿಗೆ ಮುಂದಿನ ಭಾಗ ತರಿಸುತ್ತಾರೆ. ವಯಸ್ಸೆಷ್ಟು ಅಂತ ಕೌಂಟರಿನಲ್ಲಿ ಯಾರೂ ಕೇಳುವುದಿಲ್ಲ.

ಒಂದು ಮಾತು ಮಾತ್ರ. ಎಷ್ಟೋ ಕಡೆ ಆ ಮೂಲೆಯ ಕುರ್ಚಿ, ಸೋಫಾ ಮಕ್ಕಳಿಗೇ ಮೀಸಲು. ಪುಸ್ತಕ ಆರಿಸಿಕೊಂಡು ಹೊರಗೆ ಬಂದು ಕೂತು ಓದಿ. ನಿಮ್ಮ ನಂತರ ಬೇಕು ಅಂತ ಯಾರಾದರೂ ಹೋಲ್ಡ್ ಹಾಕಿದ್ದರೆ, ಅಂದರೆ ಕಾದಿರಿಸಿದ್ದರೆ, ಓದಿದ ತಕ್ಷಣ ವಾಪಸ್ ಕೊಡಿ, ಕೊನೆಯ ದಿನದವರೆಗೂ ಇಟ್ಟುಕೊಳ್ಳಬೇಡಿ. ಗ್ರಾಫಿಕ್ ಕಾದಂಬರಿ ಹೇಗೂ ಒಂದೇ ಸಂಜೆಗೆ ಮುಗಿಯುತ್ತದಲ್ವಾ.

ಶಿವಮೊಗ್ಗದ ಮಳೆ:
ನಗುವವರಿಗೆ ಒಂದು ಪ್ರಶ್ನೆ ಕೇಳಿ. ಮನೆಗೆ ಚಂದಮಾಮ ಬಂದರೆ ಮೊದಲು ಓದುತ್ತಿದ್ದವರು ಯಾರು? ನಮ್ಮನೆಯಲ್ಲಂತೂ ಅಜ್ಜ, ಆಮೇಲೆ ಅಮ್ಮ. ನಮ್ಮ ಸರದಿ ಬರುವಷ್ಟರಲ್ಲಿ ಹಾಳೆ ಮಡಚಿರುತ್ತಿತ್ತು. 1967ರಲ್ಲಿ ಅಮರ ಚಿತ್ರ ಕಥೆ ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದವರೇ, ಅದನ್ನೂ ಬಸ್‌ಸ್ಟ್ಯಾಂಡಿನಲ್ಲಿ ಕೊಂಡು ಓದಿದ ದೊಡ್ಡವರು ಬೇಕಾದಷ್ಟು ಜನ. ತೇಜಸ್ವಿಯವರ ಕರ್ವಾಲೋವನ್ನು ಹೈಸ್ಕೂಲು ಹುಡುಗರೂ ಓದುತ್ತಾರೆ, ರಿಟೈರ್ ಆದವರೂ ಓದುತ್ತಾರೆ. ಇಂಥ ವಯಸ್ಸಿನವರಿಗೆ ಅಂತ ಅದರ ಬೆನ್ನಿಗೆ ಯಾರೂ ಚೀಟಿ ಅಂಟಿಸಲಿಲ್ಲ. ನನ್ನ ಗೋಳೇ ಬೇರೆ, ನಮ್ಮೂರ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಕ್ಕೆ ಇರುವಷ್ಟು ಜಾಗದಲ್ಲಿ ಕಾಲು ಭಾಗವಾದರೂ ಇಂಥ ಚಿತ್ರಕಥೆಗಳಿಗೆ ಕೊಟ್ಟಿದ್ದರೆ!

ನೇರ ಮಾತು:
ಎಲ್ಲರೂ ಹೌದು ಹೌದು ಅಂತಿದ್ದೀರಿ, ಹಾಗಾಗಿ ನಾನು ಸ್ವಲ್ಪ ಎಡವಟ್ಟು ಮಾತಾಡುತ್ತೇನೆ. ಟೀನ್ ಕಾದಂಬರಿಗಳನ್ನಷ್ಟೇ ಓದುತ್ತಾ ಹೋದರೆ ಬೇಜಾರಾಗುತ್ತದೆ. ಅದೇ ಹದಿನಾರರ ಹುಡುಗಿ, ಅದೇ ಕೆಟ್ಟ ಸರ್ಕಾರ, ಇಬ್ಬರು ಹುಡುಗರ ನಡುವೆ ತೊಳಲಾಟ, ಆಮೇಲೆ ಮೂರು ಭಾಗ. ಆದರೆ ಗ್ರಾಫಿಕ್ ಕಾದಂಬರಿಯನ್ನು ಇದರ ಜೊತೆ ಸೇರಿಸಬೇಡಿ, ಅದು ಬರೆಯುವ ರೀತಿ, ವಯಸ್ಸಿನ ಲೆಕ್ಕ ಅಲ್ಲ. ಯಹೂದಿಗಳನ್ನು ಇಲಿಗಳಾಗಿ, ನಾಜಿಗಳನ್ನು ಬೆಕ್ಕುಗಳಾಗಿ ಬರೆದ 'ಮೌಸ್' 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಪಡೆಯಿತು. ಅದರಲ್ಲಿರುವುದು ಬರೆದವನ ಅಪ್ಪನೇ ನಾಜಿಗಳ ಔಶ್ವಿಟ್ಜ್ ಸಾವಿನ ಶಿಬಿರದಲ್ಲಿ ಪಟ್ಟ ಪಾಡು. 2022ರಲ್ಲಿ ಟೆನ್ನೆಸ್ಸಿಯ ಒಂದು ಶಾಲಾ ಮಂಡಳಿ ಅದನ್ನು ಎಂಟನೇ ತರಗತಿಯ ಪಾಠದಿಂದಲೇ ತೆಗೆಯಿತು. ಇನ್ನು ಇದನ್ನು ಮಕ್ಕಳಾಟ ಅಂತ ಹೇಗೆ ಹೇಳುತ್ತೀರಿ?

ಕರಾವಳಿಯವಳು:
ಇಬ್ಬರು ಹುಡುಗರ ಮಾತಿಗೆ ಜೋರಾಗಿ ನಕ್ಕೆ, ನಿಜ ಅದು. 'ಮೌಸ್' ನಮ್ಮಲ್ಲಿ ಟೀನ್ ಸೆಕ್ಷನ್ನಿನಲ್ಲಿ ಕಾಣಲಿಲ್ಲವಲ್ಲ?

ಪುಸ್ತಕದ ಹುಳ:
ದೊಡ್ಡವರ ಕಡೆ ನೋಡಿ, ಕೆಲವು ಕಡೆ ಇತಿಹಾಸದ ಶೆಲ್ಫಿನಲ್ಲಿ ಇಟ್ಟಿರುತ್ತಾರೆ. ಇರಾನಿನ ಹುಡುಗಿಯ ಕಥೆ 'ಪರ್ಸೆಪೊಲಿಸ್' ಒಂದು ಲೈಬ್ರರಿಯಲ್ಲಿ ಟೀನ್ ಕಡೆ ಇದ್ದರೆ ಇನ್ನೊಂದರಲ್ಲಿ ದೊಡ್ಡವರ ಕಡೆ. ಸುಮ್ನೆ ಹುಡುಕಬೇಡಿ, ಕ್ಯಾಟಲಾಗಿನಲ್ಲಿ ಹೆಸರು ಹೊಡೆದು ಹೋಲ್ಡ್ ಹಾಕಿ, ಬಂದಾಗ ಇಮೇಲ್ ಬರುತ್ತದೆ. ನಿಮ್ಮ ಲೈಬ್ರರಿಗೆ ಹೂಪ್ಲಾ (ಲೈಬ್ರರಿ ಕಾರ್ಡಿನಲ್ಲೇ ಡಿಜಿಟಲ್ ಪುಸ್ತಕ ಕೊಡುವ ಆ್ಯಪ್) ಇದ್ದರೆ ಇನ್ನೂ ಸುಲಭ. ಕಾಮಿಕ್ಸ್ ಬೇಕಾದಷ್ಟಿವೆ, ಹೆಚ್ಚಿನವಕ್ಕೆ ಸರದಿ ಕಾಯಬೇಕಿಲ್ಲ, ಆದರೆ ತಿಂಗಳಿಗೆ ಇಂತಿಷ್ಟೇ ಅಂತ ಮಿತಿ ಇರುತ್ತದೆ. ಫೋನಿನಲ್ಲಿ ಮಾತ್ರ ಓದಬೇಡಿ, ಅಕ್ಷರ ತೀರಾ ಸಣ್ಣದು.