ಶ್ಯಾಮೆನ್‌ನ ಝೋಂಗ್‌ಶಾನ್ ರಸ್ತೆ: ದೋಣಿ ಎಲ್ಲಿಂದ, ಊಟ ಎಂಥ, ದುಡ್ಡು ಹೇಗೆ?

ಬಂದರ್‌ಬದಿ:
ಚೀನಾದ ಗುವಾಂಗ್‌ಝೌನಲ್ಲಿ ಕ್ಯಾಂಟನ್ ಫೇರ್ ಎಂಬ ವ್ಯಾಪಾರ ಮೇಳ ಮುಗಿಸಿ ನವೆಂಬರ್ ಮೊದಲ ವಾರ ಅಲ್ಲಿಂದ ಕರಾವಳಿ ನಗರ ಶ್ಯಾಮೆನ್‌ಗೆ ರೈಲಲ್ಲಿ ಹೋಗುವ ಅಂತ ಉಂಟು. ಹಳೇ ಪೇಟೆಬೀದಿ ಝೋಂಗ್‌ಶಾನ್ ರಸ್ತೆ, ಎದುರಿನ ಗುಲಾಂಗ್‌ಯು ದ್ವೀಪ, ಎರಡೂ ಒಂದೇ ದಿನದಲ್ಲಿ ಆಗ್ತದಾ? ಜೊತೆಗೆ ಬರುವವರು ಉಡುಪಿಯವರು, ಈರುಳ್ಳಿ ಬೆಳ್ಳುಳ್ಳಿ ಸಹ ಮುಟ್ಟುವುದಿಲ್ಲ. ನನಗೆ ಮೀನು ಬೇಕು. ದುಡ್ಡು ಕೊಡುವ ಕ್ರಮವೂ ತಿಳಿಸಿ.

ಪಣಂಬೂರು_ಲೈನ್:
ಆಗ್ತದೆ, ಆದರೆ ದ್ವೀಪ ಮೊದಲು, ಬೀದಿ ಆಮೇಲೆ. ನಕಾಶೆ ನೋಡಿದವರಿಗೆ ಬೀದಿಯ ತುದಿಯಲ್ಲೇ ದೋಣಿಕಟ್ಟೆ ಕಾಣ್ತದೆ, ಸೀದಾ ಅಲ್ಲಿಗೇ ಹೋಗ್ತಾರೆ. ಹಗಲು ಅಲ್ಲಿಂದ ಊರಿನವರಿಗೆ ಮಾತ್ರ. ಪ್ರವಾಸಿಗಳು ಹತ್ತಬೇಕಾದ್ದು ಉತ್ತರಕ್ಕೆ ಕೆಲವು ಕಿಲೋಮೀಟರ್ ದೂರದ ಕ್ರೂಸ್ ಟರ್ಮಿನಲ್‌ನಲ್ಲಿ. ಸಾಮಾನ್ಯ ದೋಣಿಗೆ ಹೋಗಿಬರಲು 35 ಯುವಾನ್. ಟಿಕೆಟಿಗೆ ಪಾಸ್‌ಪೋರ್ಟ್ ನಂಬರ್ ಬೇಕು, ಹೊರಡುವ ಹೊತ್ತು ಟಿಕೆಟಲ್ಲೇ ಇರ್ತದೆ. ಶನಿವಾರ ಭಾನುವಾರ ಬೆಳಗಿನ ದೋಣಿಗಳು ಬೇಗ ಭರ್ತಿ, ಮುಂಚೆ ತೆಗೆದಿಡಿ.

ಸಂಜೆ ಆರರ ಆಸುಪಾಸಿನ ನಂತರ ದ್ವೀಪದ ಸಾನ್‌ಚಿಯುಟಿಯಾನ್ ಕಟ್ಟೆಯಿಂದ ಬರುವ ದೋಣಿ ಆ ಹಳೇ ಕಟ್ಟೆಗೇ ಬರ್ತದೆ (ಹೊತ್ತು ಋತುವಿಗೆ ತಕ್ಕ ಹಾಗೆ ಬದಲು). ಇಳಿದು ರಸ್ತೆ ದಾಟಿದರೆ ಝೋಂಗ್‌ಶಾನ್ ಬೀದಿಯ ಬಾಯಿ. ದೀಪ ಹತ್ತುವ ಹೊತ್ತಿಗೇ ತಲುಪಿದ ಹಾಗಾಯ್ತು.

ರೈಲು ಶ್ಯಾಮೆನ್ ಉತ್ತರಕ್ಕೆ ಬಂದರೆ ಗಾಬರಿ ಬೇಡ. ಶ್ಯಾಮೆನ್ ಹಳೇ ಪೇಟೆಯೂ ಒಂದು ದ್ವೀಪದ ಮೇಲೇ, ಆ ಸ್ಟೇಷನ್ ಅದರ ಹೊರಗೆ ಉಂಟು, ಮೆಟ್ರೋ 1ನೇ ಲೈನ್ ಹಿಡಿದು ಕೊನೇ ಸ್ಟೇಷನ್ ಝೆನ್‌ಹಾಯ್ ರಸ್ತೆಯಲ್ಲಿ ಇಳಿಯಿರಿ. ನಡುವೆ ಜಿಮೇಯಿ ಹತ್ತಿರ ಲೈನ್ ಸಮುದ್ರದ ಮೇಲೇ ಹೋಗ್ತದೆ, ಕಿಟಕಿ ಬದಿ ನಿಲ್ಲಿ. ಸೂಟ್‌ಕೇಸ್ ಹೋಟೆಲಲ್ಲಿ ಬಿಟ್ಟೇ ದೋಣಿ ಹತ್ತಿ. ಗುಲಾಂಗ್‌ಯುವಿನಲ್ಲಿ ಕಾರು, ಬೈಕು ಇಲ್ಲ, ಏರಿಳಿತದ ಕಲ್ಲುದಾರಿ.

ಬೀದಿ ಸುಮಾರು 1.2 ಕಿಲೋಮೀಟರ್. 1920ರ ದಶಕದಲ್ಲಿ ಹಳೇ ಓಣಿಗಳನ್ನು ಕಡಿದು ಮಾಡಿದ್ದು, ಆಗ್ನೇಯ ಏಷ್ಯಾದಲ್ಲಿ ದುಡಿದ ಶ್ಯಾಮೆನ್ ಕಡೆಯವರ ದುಡ್ಡು ಇದರಲ್ಲಿ ತುಂಬಾ ಬಿದ್ದಿದೆ. ಕೆಳಗೆ ಅಂಗಡಿ, ಮೇಲೆ ಮನೆ. ಮೇಲ್ಮಾಳಿಗೆ ಕಾಲುದಾರಿಯ ಮೇಲಕ್ಕೆ ಚಾಚಿ ಕಂಬದ ಮೇಲೆ ನಿಂತಿದೆ, ಹಾಗಾಗಿ ಮಳೆ ಬಂದರೂ ಕೊಡೆ ಇಲ್ಲದೆ ನಡೀಬಹುದು. ನಮ್ಮ ಊರಿಗೂ ಇಂಥದ್ದು ಬೇಕಿತ್ತು. ನೆಲಮಟ್ಟದ ಅಂಗಡಿಗಳು ಹೆಚ್ಚಾಗಿ ಎಲ್ಲಾ ಊರಲ್ಲೂ ಇರುವ ಬ್ರಾಂಡುಗಳು. ನೋಡಬೇಕಾದ್ದು ಕತ್ತೆತ್ತಿ, ತಿನ್ನಬೇಕಾದ್ದು ಪಕ್ಕದ ಓಣಿಗಳಲ್ಲಿ.

ರಥಬೀದಿ:
ಉಡುಪಿಯವರ ಊಟಕ್ಕೆ ನಾನ್‌ಪುಟುವೊ ದೇವಸ್ಥಾನದ ಸಸ್ಯಾಹಾರಿ ಹೋಟೆಲೇ ಗಟ್ಟಿ. ಬೌದ್ಧ ಕ್ರಮದ ಅಡುಗೆಯಲ್ಲಿ ಮಾಂಸದ ಜೊತೆ ಬೆಳ್ಳುಳ್ಳಿ, ಈರುಳ್ಳಿ ಜಾತಿಯದ್ದೂ ವರ್ಜ್ಯ. ದ್ವೀಪಕ್ಕೆ ಹೊರಡುವ ಮುಂಚೆಯೋ ಮಾರನೇ ದಿನವೋ ಅಲ್ಲಿ ಹೊಟ್ಟೆ ತುಂಬಿಸಿಕೊಳ್ಳಿ, ರಾತ್ರಿ ತಡವಾಗಿ ಹೋದರೆ ಸಿಗಲಿಕ್ಕಿಲ್ಲ.

ಬೀದಿಯಲ್ಲಿ ಮೋಸಹೋಗುವ ಮೂರು ಜಾಗ ಉಂಟು. ಶಾಛಾ ನೂಡಲ್ಸಿಗೆ ಬರೀ ತೋಫು ಹಾಕಿಸಿಕೊಂಡರೂ ಸಾರು ಒಣಸೀಗಡಿಯದ್ದೇ. ಹೆಸರುಕಾಳಿನ ಹೂರಣದ ಪೇಸ್ಟ್ರಿಯ ಪದರಕ್ಕೆ ಸಾಂಪ್ರದಾಯಿಕವಾಗಿ ಹಂದಿಕೊಬ್ಬು ಹಾಕ್ತಾರೆ. ಅಂಗಡಿ ಮುಂದೆ ಚೂರು ಕೈಗೆ ಕೊಟ್ಟು ಕರೆದರೆ ಬೇಡ ಅನ್ನಿ, ಅಂಥದ್ದೇ ಸಸ್ಯಾಹಾರಿ ಬಿಲ್ಲೆ ದೇವಸ್ಥಾನದಲ್ಲಿ ಸಿಗ್ತದೆ. ಕಡಲೆಕಾಯಿ ಪಾಯಸ ಬೇಯಿಸಿದ ಬೀಜ, ನೀರು, ಸಕ್ಕರೆ ಅಷ್ಟೇ, ಆದರೆ ಕೆಲವು ಕಡೆ ಕೇಳದೆ ಮೊಟ್ಟೆ ಒಡೆದು ಹಾಕ್ತಾರೆ. ಮೊಟ್ಟೆ ಬೇಡ ಎಂದು ಚೀನೀ ಭಾಷೆಯಲ್ಲಿ ಮೊದಲೇ ಬರೆಸಿ ಮೊಬೈಲಲ್ಲಿ ಇಟ್ಟುಕೊಂಡು ತೋರಿಸಿ.

ಮಲ್ಪೆ_ಧಕ್ಕೆ:
ಮೀನಿನವರಿಗೆ ಹತ್ತಿರದಲ್ಲೇ ಎಂಟನೇ ಮಾರುಕಟ್ಟೆ, ಬೆಳಿಗ್ಗೆ ಹೋಗಿ. ದರ ಕಿಲೋಕ್ಕಲ್ಲ, ಜಿನ್‌ಗೆ, ಅಂದರೆ 500 ಗ್ರಾಮ್. ದುಬಾರಿ ಸರಕಿಗೆ ಕೆಲವೊಮ್ಮೆ ಲಿಯಾಂಗ್‌ಗೆ ಹೇಳ್ತಾರೆ, ಅದು ಬರೀ 50 ಗ್ರಾಮ್; ಹತ್ತಕ್ಕೆ ಗುಣಿಸಿ ನೋಡಿ. ಹೋಟೆಲಲ್ಲಿ ಜೀವಂತ ಮೀನು ಆರಿಸುವುದಾದರೆ ತೂಕ, ಅಡುಗೆ ಕೂಲಿ ಎರಡೂ ಒಲೆಗೆ ಹೋಗುವ ಮುಂಚೆಯೇ ಮುಗಿಸಿ. ಬೀದಿಯಲ್ಲಿ ಸಿಂಪಿ ಹಾಕಿದ ಆಮ್ಲೆಟ್ ನಮ್ಮ ಬಾಯಿಗೆ ಹಿಡಿಸ್ತದೆ. ಪಾರದರ್ಶಕ ಜೆಲ್ಲಿ ಕಂಡರೆ ಅದರೊಳಗೆ ಇರುವುದು ಸಮುದ್ರದ ಹುಳು, ತಿಳಿದು ತಿನ್ನಿ.

ದುಡ್ಡಿಗೆ ಅಲಿಪೇ, ಅಂದರೆ ಚೀನಾದ ಪಾವತಿ ಆ್ಯಪ್. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಊರಲ್ಲೇ ಸೇರಿಸಿ, ಪಾಸ್‌ಪೋರ್ಟ್ ಪರಿಶೀಲನೆ ಮುಗಿಸಿ. ಬ್ಯಾಂಕ್ ಆ್ಯಪಲ್ಲಿ ಅಂತಾರಾಷ್ಟ್ರೀಯ ಬಳಕೆ ಆನ್ ಮಾಡದಿದ್ದರೆ ಕಾರ್ಡ್ ನಡೆಯುವುದಿಲ್ಲ. ಒಂದು ಪಾವತಿ 200 ಯುವಾನ್ ಮೀರಿದರೆ 3% ಶುಲ್ಕ, ದೊಡ್ಡ ಬಿಲ್ ಇದ್ದರೆ ಇಬ್ಬರೂ ಹಂಚಿ ಕೊಡಿ. ಗಾಡಿಯವರು ತೋರಿಸುವುದು ಖಾಸಗಿ ಖಾತೆಯ ಕ್ಯೂಆರ್ ಆದರೆ ವಿದೇಶಿ ಕಾರ್ಡಿನಿಂದ ಹೋಗುವುದಿಲ್ಲ, ಅದಕ್ಕೆ 10, 20ರ ನೋಟು ಇರಲಿ.

ಬಂದರ್‌ಬದಿ:
ತುಂಬಾ ಉಪಕಾರ ಆಯ್ತು ಮಾರಾಯ್ರೆ. ದಾರಿಗೆ ಗೂಗಲ್ ಮ್ಯಾಪ್ ಸಾಕಾ?

ಪಣಂಬೂರು_ಲೈನ್:
ಸಾಲದು. ಚೀನಾದ ನಕಾಶೆಗೆ ಬೇರೆಯೇ ಅಕ್ಷಾಂಶ ರೇಖಾಂಶ ಪದ್ಧತಿ, ಗುರುತು ನೂರಾರು ಮೀಟರ್ ಆಚೀಚೆ ಬೀಳ್ತದೆ. ಅಲ್ಲಿನದೇ ನಕಾಶೆ ಆ್ಯಪ್ ಅಮ್ಯಾಪ್ ಹಾಕಿಕೊಳ್ಳಿ. ಭಾರತದ ಸಿಮ್ ರೋಮಿಂಗಲ್ಲಿ ವಾಟ್ಸಾಪ್ ನಡೀತದೆ, ಹೋಟೆಲ್ ವೈಫೈಯಲ್ಲಿ ನಡೆಯುವುದಿಲ್ಲ. ಇಷ್ಟೆಲ್ಲ ಆ್ಯಪ್ ಓಡಿಸಿದರೆ ಸಂಜೆಗೆ ಬ್ಯಾಟರಿ ಖಾಲಿ, ಪವರ್‌ಬ್ಯಾಂಕ್ ಬೇಕೇ ಬೇಕು. ರೈಲು ಬಿಟ್ಟು ವಿಮಾನದಲ್ಲಿ ಹೋಗುವುದಾದರೆ ಮಾತ್ರ ಜಾಗ್ರತೆ: 2025ರ ಜೂನ್ 28ರಿಂದ ಚೀನಾದ ದೇಶೀಯ ವಿಮಾನಗಳಲ್ಲಿ ಅವರ 3ಸಿ ಎಂಬ ಸುರಕ್ಷತಾ ಪ್ರಮಾಣದ ಗುರುತಿಲ್ಲದ ಪವರ್‌ಬ್ಯಾಂಕ್ ಬಿಡುವುದಿಲ್ಲ. ಊರಿಂದ ತಂದದ್ದರ ಮೇಲೆ ಆ ಗುರುತು ಉಂಟಾ ಅಂತ ಈಗಲೇ ನೋಡಿಕೊಳ್ಳಿ.