ಲಾಮು ದ್ವೀಪದ ಹಳೆಯ ಪೇಟೆ: ಮೊದಲು ಯಾವುದನ್ನು ದಾಖಲಿಸಬೇಕು?

ಕಡಲತಡಿ (ಪ್ರಶ್ನೆ):

ಕೀನ್ಯಾದ ಉತ್ತರ ಕರಾವಳಿಯ ಲಾಮು ದ್ವೀಪದಲ್ಲಿ ಕೆಲವು ತಿಂಗಳು ಇರುವ ಅವಕಾಶ ನನಗೆ ಒದಗಿದೆ. ಅಲ್ಲಿನ ಯುವಕ ಯುವತಿಯರ ಒಂದು ಗುಂಪು ತಮ್ಮ ಊರಿನ ಸ್ವಾಹಿಲಿ ಪರಂಪರೆಯನ್ನು ದಾಖಲಿಸಲು ಹೊರಟಿದ್ದು, ಅಳತೆ ಮತ್ತು ನಕ್ಷೆಯ ಕೆಲಸದಲ್ಲಿ ಕೈಜೋಡಿಸುವಂತೆ ಕೇಳಿದೆ. ಲಾಮುವಿನ ಹಳೆಯ ಪೇಟೆ 2001ರಲ್ಲೇ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿರುವುದರಿಂದ ಕೆತ್ತನೆಯ ಬಾಗಿಲುಗಳ ಚಿತ್ರಗಳಿಗೇನೂ ಬರವಿಲ್ಲ. ಆ ಬಾಗಿಲುಗಳ ಹಿಂದಿನ ಮನೆಗಳನ್ನು ಇಂದು ಯಾರು, ಹೇಗೆ ದುರಸ್ತಿ ಮಾಡುತ್ತಿದ್ದಾರೆ ಎಂದು ಹುಡುಕಿದರೆ ಮಾತ್ರ ಹೆಚ್ಚೇನೂ ಸಿಗುವುದಿಲ್ಲ. ಹಣ, ಜನ, ಸಮಯ ಮೂರೂ ಕಡಿಮೆ. ಮನೆಗಳು, ಅರಬ್ಬಿ ಲಿಪಿಯಲ್ಲಿರುವ ಸ್ವಾಹಿಲಿ ಹಸ್ತಪ್ರತಿಗಳು, ಹಾಡು ಮತ್ತು ಆಚರಣೆಗಳು, ಇವುಗಳಲ್ಲಿ ಯಾವುದಕ್ಕೆ ಮೊದಲು ಕೈಹಾಕುವುದು ಸರಿ?

ಸುಣ್ಣಗಾರೆ:

ನನ್ನ ಅಭಿಪ್ರಾಯದಲ್ಲಿ ಮನೆಗಳಿಂದಲೇ ಆರಂಭಿಸಬೇಕು. ಆದರೆ ಬಾಗಿಲಿನಿಂದಲ್ಲ, ಮಾಳಿಗೆಯಿಂದ.

ಲಾಮುವಿನ ಹಳೆಯ ಮನೆಗಳ ಗೋಡೆಗಳು ಹವಳದ ಕಲ್ಲಿನವು. ಮಾಳಿಗೆಯ ಭಾರವನ್ನು ಹೊರುವುದು ಕಾಂಡ್ಲಾ (ಮ್ಯಾಂಗ್ರೋವ್) ಮರದ ತೊಲೆಗಳು. ಈ ತೊಲೆಗಳು ಸುಮಾರು ಎರಡೂವರೆಯಿಂದ ಮೂರು ಮೀಟರ್ ಅಗಲವನ್ನಷ್ಟೇ ದಾಟಬಲ್ಲವಾದ್ದರಿಂದ ಅಲ್ಲಿನ ಕೋಣೆಗಳು ಉದ್ದವಾಗಿ, ಇಕ್ಕಟ್ಟಾಗಿ ಒಂದರ ಹಿಂದೊಂದು ಸಾಗುತ್ತವೆ. ಬೀದಿಯ ಕಡೆ ದಾಕಾ ಎಂಬ ಕಲ್ಲುಜಗಲಿ, ಅನಂತರ ಒಳಗಿನದು ನೇರವಾಗಿ ಕಾಣದಂತೆ ತಿರುವಿಟ್ಟ ಪ್ರವೇಶ, ಆಮೇಲೆ ಅಂಗಳ, ಅದರಾಚೆ ಪಡಸಾಲೆಗಳು, ಕೊನೆಯಲ್ಲಿ ಗೋಡೆಯ ತುಂಬ ಝಿದಾಕಾ ಎಂಬ ಗಾರೆಯ ಗೂಡುಗಳಿರುವ ಒಳಮನೆ: ಈ ಕ್ರಮವನ್ನು ನಕ್ಷೆಯಲ್ಲಿ ತೋರಿಸುವುದು ಕಷ್ಟವಲ್ಲ. ಕಷ್ಟವಿರುವುದು ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗದಲ್ಲಿ. ಮಾಳಿಗೆಯ ಸುಣ್ಣದ ಗಚ್ಚು ಬಿರುಕುಬಿಟ್ಟು ನೀರು ಅಲ್ಲಿಗಿಳಿದರೆ ತೊಲೆಯ ತುದಿ ಒಳಗೊಳಗೇ ಕೊಳೆಯುತ್ತದೆ. ಮಾಳಿಗೆ ಕುಸಿದ ಮೇಲೆ ಮಳೆಗೆ ತೆರೆದುಕೊಂಡ ಗೋಡೆಯೂ ಹೆಚ್ಚು ಕಾಲ ನಿಲ್ಲುವುದಿಲ್ಲ. ಇದರ ಮೇಲೆ ಸಿಮೆಂಟಿನ ಕಾಟ ಬೇರೆ. ಅಗ್ಗ, ಬೇಗ ಮುಗಿಯುತ್ತದೆ ಎಂದು ಮನೆಯವರು ಸಿಮೆಂಟ್ ಬಳಿಸುತ್ತಾರೆ. ಹವಳದ ಕಲ್ಲಿನಲ್ಲಿರುವ ತೇವ ಮತ್ತು ಉಪ್ಪು ಹೊರಬರಲು ದಾರಿಯಿಲ್ಲದೆ ಗೋಡೆಯನ್ನೇ ತಿನ್ನತೊಡಗುತ್ತವೆ. ಅವರನ್ನು ದೂರಿ ಪ್ರಯೋಜನವಿಲ್ಲ. ಸುಣ್ಣ ಸುಡುವವರು ಮತ್ತು ಗಾರೆ ಕಲಸಿ ಹದ ನೋಡುವ ಮೇಸ್ತ್ರಿಗಳು ಬೇಕು, ಒಳ್ಳೆಯ ತೊಲೆಯೂ ಸಿಗಬೇಕು. 2018ರಲ್ಲಿ ಕೀನ್ಯಾ ಸರ್ಕಾರ ಮರ ಕಡಿಯುವುದನ್ನು ನಿಲ್ಲಿಸಿದಾಗ ಲಾಮುವಿನ ಕಾಂಡ್ಲಾ ಕಡಿಯುವವರ ಜೀವನೋಪಾಯಕ್ಕೇ ಪೆಟ್ಟು ಬಿತ್ತು. ಆದ್ದರಿಂದ ಪ್ರತಿ ಮನೆಯ ನಕ್ಷೆಯ ಜೊತೆಗೆ ಅದನ್ನು ಕೊನೆಯ ಬಾರಿ ದುರಸ್ತಿ ಮಾಡಿದವರ ಮಾತನ್ನೂ, ಅವರ ಕೈ ಕೆಲಸ ಮಾಡುವ ರೀತಿಯನ್ನೂ ವಿಡಿಯೊದಲ್ಲಿ ಸೆರೆಹಿಡಿಯಿರಿ.

ಪಟ್ಟಿಗೆ ಸೇರಿದ ಮಾತ್ರಕ್ಕೆ ಕಟ್ಟಡ ಉಳಿಯುತ್ತದೆ ಎಂದು ಯಾರಾದರೂ ನಂಬಿದ್ದರೆ ಅವರಿಗೆ ತಾಂಜಾನಿಯಾದ ಜಾಂಜಿಬಾರ್ ದ್ವೀಪದ ಉದಾಹರಣೆ ಸಾಕು. ಅಲ್ಲಿನ ಹಳೆಯ ಪೇಟೆಯಾದ ಸ್ಟೋನ್ ಟೌನ್ 2000ದಲ್ಲಿ ಪಟ್ಟಿ ಸೇರಿತ್ತು. ಸುಲ್ತಾನ್ ಬರ್ಗಾಶ್ 1883ರಲ್ಲಿ ಕಟ್ಟಿಸಿದ ಬೈತ್ ಅಲ್ ಅಜಾಯಿಬ್ ಅರಮನೆಯ ಒಂದು ಭಾಗ, ಜೀರ್ಣೋದ್ಧಾರದ ಕೆಲಸ ನಡೆಯುತ್ತಿದ್ದಾಗಲೇ, 2020ರ ಡಿಸೆಂಬರ್ 25ರಂದು ಕುಸಿದು ಇಬ್ಬರು ಪ್ರಾಣ ಕಳೆದುಕೊಂಡರು.

ಹಳೇ ಕಾಗದ:

ಮಾಳಿಗೆಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಕ್ರಮವನ್ನು ಒಪ್ಪುವುದಿಲ್ಲ. ಮನೆ ಕುಸಿದರೂ ಅಡಿಪಾಯದಿಂದ ನಕ್ಷೆ ಬರೆಯಬಹುದು. ಪಾಟೆ ದ್ವೀಪದಲ್ಲಿ ಪಾಳುಬಿದ್ದಿರುವ ಶಾಂಗಾದಂಥ ಹಳೆಯ ಊರುಗಳನ್ನು ಪುರಾತತ್ತ್ವಜ್ಞರು ಹಾಗೆಯೇ ತಿಳಿದುಕೊಂಡದ್ದು. ಪೆಟ್ಟಿಗೆಯಲ್ಲಿರುವ ಕಾಗದಕ್ಕೆ ಗೆದ್ದಲು ಹಿಡಿದರೆ ಅಷ್ಟೇ. ಲಾಮು ಮತ್ತು ಪಾಟೆ ದ್ವೀಪಗಳು ಸ್ವಾಹಿಲಿ ಕಾವ್ಯದ ತವರು. ಮ್ವಾನಾ ಕುಪೋನಾ ಎಂಬ ಕವಯಿತ್ರಿ 1858ರ ಸುಮಾರಿಗೆ ತನ್ನ ಮಗಳಿಗಾಗಿ ರಚಿಸಿದ ಉಪದೇಶದ ಕಾವ್ಯ ಕೈಯಿಂದ ಕೈಗೆ ನಕಲಾಗಿ, ಬಾಯಿಂದ ಬಾಯಿಗೆ ಹರಿದು ಉಳಿದುಬಂದಿದೆ. ಅಂಥ ನಕಲುಗಳಲ್ಲಿ ಪಾಠಭೇದಗಳಿರುತ್ತವೆ. ಅಂಚಿನಲ್ಲಿ ಯಾರಿಗಾಗಿ ನಕಲು ಮಾಡಲಾಯಿತು ಎಂಬ ಟಿಪ್ಪಣಿಯೂ ಇರಬಹುದು. ಪಠ್ಯವನ್ನು ಮಾತ್ರ ಲಿಪ್ಯಂತರಿಸಿ ಅಂಚನ್ನು ಬಿಡಬೇಡಿ.

ಕ್ಯಾಮೆರಾ ತೆಗೆಯುವ ಮೊದಲು ಮಾಡಬೇಕಾದ ಕೆಲಸವೂ ಒಂದಿದೆ. ಹಸ್ತಪ್ರತಿಗಳು ಮನೆತನಗಳ ಸೊತ್ತು. ಈ ಕರಾವಳಿಯ ಎಷ್ಟೋ ಹಸ್ತಪ್ರತಿಗಳು ವಸಾಹತು ಕಾಲದಲ್ಲಿ ಯೂರೋಪಿನ ಗ್ರಂಥಾಲಯಗಳನ್ನು ಸೇರಿದ್ದರಿಂದ, ಮನೆಯವರು ಹೊರಗಿನವರನ್ನು ಅನುಮಾನದಿಂದ ನೋಡಿದರೆ ಅದರಲ್ಲಿ ತಪ್ಪಿಲ್ಲ. ಮೂಲ ಪ್ರತಿ ಮನೆಯಲ್ಲೇ ಇರಲಿ. ಸ್ಕ್ಯಾನ್ ಮಾಡಿದ ಒಂದು ಪ್ರತಿಯನ್ನು ಮನೆಯವರಿಗೆ ಕೊಡಿ, ಅವರು ಒಪ್ಪಿದರೆ ಮಾತ್ರ ಇನ್ನೊಂದನ್ನು ಕೀನ್ಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಸಂಸ್ಥೆ ನಡೆಸುವ ಲಾಮು ಮ್ಯೂಸಿಯಂಗೆ ಕೊಡಿ. ಒಪ್ಪಂದ ಸ್ವಾಹಿಲಿಯಲ್ಲಿರಲಿ. ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿಕೊಂಡು ಅನುಮತಿ ಸಿಕ್ಕಿತು ಎನ್ನುವುದು ನನ್ನ ಮಟ್ಟಿಗೆ ಮೋಸವೇ.

ಪಡುವಣಗಾಳಿ:

ಹಾಡುಗಳನ್ನು ಇಬ್ಬರೂ ಮರೆತಂತಿದೆ. ಜಾಂಜಿಬಾರಿನ ಗಾಯಕಿ ಸಿತಿ ಬಿಂತಿ ಸಾದ್ ಅವರ ತಾರಬ್ ಎಂಬ ಸ್ವಾಹಿಲಿ ಶೈಲಿಯ ಗಾಯನ ನಮಗೆ ಇಂದಿಗೂ ಕೇಳಸಿಗುವುದಕ್ಕೆ ಕಾರಣ, 1928ರಲ್ಲಿ ಆಕೆ ಮುಂಬಯಿಗೆ ಬಂದು ಗ್ರಾಮೊಫೋನ್ ತಟ್ಟೆಗಳಿಗೆ ಹಾಡಿದ್ದು. ಹಾಗೆ ದಾಖಲಾಗದ ಗಾಯಕಿಯರು ಎಷ್ಟು ಮಂದಿಯೋ.

ಲಾಮುವಿನ ಹಿತ್ತಾಳೆಯ ಸಿವಾ ಮತ್ತು ಪಾಟೆಯ ದಂತದ ಸಿವಾ ಎಂಬ ದೊಡ್ಡ ಕಹಳೆಗಳನ್ನೇ ನೋಡಿ. ಪಟ್ಟಾಭಿಷೇಕಗಳಲ್ಲಿ, ದೊಡ್ಡ ಮನೆತನಗಳ ಮದುವೆಗಳಲ್ಲಿ ಊದುತ್ತಿದ್ದ ಅವು ಈಗ ವಸ್ತುಸಂಗ್ರಹಾಲಯ ಸೇರಿವೆ. ವಸ್ತು ಸುರಕ್ಷಿತವಾಗಿದೆ, ಸರಿ. ಅದನ್ನು ಯಾವ ಸಂದರ್ಭದಲ್ಲಿ, ಯಾರ ಮನೆಯ ಮುಂದೆ, ಯಾರು ಊದಬಹುದಿತ್ತು ಎಂಬುದು ಹಿರಿಯರ ನೆನಪಿನಲ್ಲಷ್ಟೇ ಉಳಿದಿರಬಹುದು. ಹಿರಿಯರಿಗೆ ಕಾಯುವ ಶಕ್ತಿ ಮಾಳಿಗೆಗಿಂತಲೂ ಕಡಿಮೆ. ಇನ್ನೊಂದು ಮಾತು: ಮದುವೆಯಲ್ಲಿ ಹೆಂಗಸರೇ ಸೇರಿ ಹಾಡುವ ಹಾಡುಗಳನ್ನು ಧ್ವನಿಮುದ್ರಿಸುವುದಾದರೆ ಗುಂಪಿನ ಯುವತಿಯರೇ ಮಾಡಲಿ, ಅದನ್ನು ಯಾರು ಕೇಳಬಹುದು ಎಂಬುದನ್ನು ಹಾಡಿದವರೇ ನಿರ್ಧರಿಸಲಿ. ಎಲ್ಲವನ್ನೂ ಅಂತರ್ಜಾಲಕ್ಕೆ ಏರಿಸಲೇಬೇಕೆಂಬ ನಿಯಮವೇನಿಲ್ಲ.

ಕಡಲತಡಿ:

ಮೂವರಿಗೂ ಧನ್ಯವಾದಗಳು. ಒಂದೊಂದೇ ಮನೆಯನ್ನು ಆರಿಸಿಕೊಂಡು, ಅಲ್ಲಿನ ಹಿರಿಯರ ಮಾತು, ಪೆಟ್ಟಿಗೆಯ ಕಾಗದ, ಮಾಳಿಗೆಯ ಸ್ಥಿತಿ ಮೂರನ್ನೂ ಒಟ್ಟಿಗೆ, ಇದೇ ಕ್ರಮದಲ್ಲಿ ದಾಖಲಿಸುವ ಸಲಹೆಯನ್ನು ಗುಂಪಿನ ಮುಂದಿಡುತ್ತೇನೆ. ಮನೆಗಳ ಸಂಖ್ಯೆ ಕಡಿಮೆಯಾಗುತ್ತದೆ, ಆದರೂ ಚಿಂತೆಯಿಲ್ಲ. ಹೋಗಲು ಯಾವ ತಿಂಗಳು ಸೂಕ್ತ? ಪ್ರವಾಸಿಗರೆಲ್ಲ ಜನವರಿ ಎನ್ನುತ್ತಾರೆ.

ಸುಣ್ಣಗಾರೆ:

ಜನವರಿ ಬೇಡ. ಏಪ್ರಿಲ್, ಮೇ ತಿಂಗಳ ದೊಡ್ಡ ಮಳೆಯ ಕಾಲಕ್ಕೆ ಹೋಗಿ. ದೋಣಿ ಪ್ರಯಾಣ ತುಸು ಕಷ್ಟವಾದೀತು, ಸುಣ್ಣದ ಕೆಲಸವೂ ನಡೆಯದು; ಆದರೆ ಯಾವ ತೊಲೆಯ ಬುಡಕ್ಕೆ ನೀರು ಇಳಿಯುತ್ತಿದೆ ಎಂಬುದು ಆಗ ಕಣ್ಣಿಗೇ ಕಾಣುತ್ತದೆ. ಅದನ್ನು ಗುರುತು ಹಾಕಿಕೊಂಡಿದ್ದರೆ, ಮಳೆ ನಿಂತ ಮೇಲೆ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ನೇರವಾಗಿ ಆ ಜಾಗವನ್ನೇ ತೋರಿಸಬಹುದು.